ಕಿಟಕಿ ದಾಟಿದ ಹೆಸರು

ನಾನು ಹಟಮಾರಿ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಸೊಸೆ ಉಸ್ತಿನ್ಯಾಳನ್ನು ಹಟಮಾರಿ ಎಂದು ಬೈಯುವಾಗ, ಇವಳು ಅನುಭವದ ಮೇಲೆ ಮಾತಾಡುತ್ತಿದ್ದಾಳೆ ಎಂದು ನಿಮಗೆ ಗೊತ್ತಿರಲಿ. ಮೂವತ್ತೊಂದು ವರ್ಷ ನಮ್ಮ ಊರಿನ ಬ್ರೆಡ್ ಕಾರ್ಖಾನೆಯಲ್ಲಿ ಒಲೆಗಳ ಮೇಸ್ತ್ರಿಯಾಗಿದ್ದೆ. ಈ ಫಾಯಿನಾ ಯೆಗೊರೊವ್ನಾ ಹೂಂ ಅನ್ನದೆ ಒಂದು ಬ್ರೆಡ್ಡೂ ಗೇಟು ದಾಟುತ್ತಿರಲಿಲ್ಲ. ಡೈರೆಕ್ಟರ್ ಕೂಡ ನನ್ನ ಮುಖ ನೋಡಿಯೇ ಸಹಿ ಹಾಕುತ್ತಿದ್ದರು.

ಅಂಥ ನನ್ನ ಮೊಮ್ಮಗನಿಗೆ ಹುಟ್ಟಿ ಇಪ್ಪತ್ತಾರು ದಿನವಾದರೂ ಮನೆತನದ ಹೆಸರಿರಲಿಲ್ಲ. ಲೂಕಾ ಎಂದು ಕರೆಯುತ್ತಿದ್ದರು, ಅಷ್ಟೆ. ಯಾವ ಲೂಕಾ? ಅದೇ ಜಗಳ.

ನನ್ನ ಗಂಡ ಕುಜ್ನೆತ್ಸೊವ್. ಅವನಪ್ಪ, ಅವನಜ್ಜ, ಮುತ್ತಜ್ಜ ಎಲ್ಲರೂ ಕುಜ್ನೆತ್ಸೊವ್, ಕಮ್ಮಾರನ ಮಕ್ಕಳು ಅಂತ ಅರ್ಥ. ಮರ್ಯಾದೆಯ ಹೆಸರು, ದುಡಿದು ಉಂಡವರ ಹೆಸರು. ನಮ್ಮೂರಿನ ಬಸ್ಸಿನಲ್ಲಿ ನಿಂತು ಆ ಹೆಸರು ಕೂಗಿದರೆ ನಾಲ್ಕು ತಲೆ ತಿರುಗುತ್ತವೆ. ನನ್ನ ಸೊಸೆಯ ಮನೆತನದ ಹೆಸರು ಉಕ್ರುಖೊವಾ, ಗಂಡಸರಿಗಾದರೆ ಉಕ್ರುಖೊವ್. ಕೂಗಿ ನೋಡಿ, ಒಂದು ನಾಯಿಯೂ ತಿರುಗುವುದಿಲ್ಲ. ಹಳ್ಳಿಯ ಮುದುಕರ ಬಾಯಲ್ಲಿ ಉಕ್ರುಖ್ ಎಂದರೆ ಬ್ರೆಡ್ಡಿನ ತುದಿಯ ದಪ್ಪ ತುಂಡು, ಭಿಕ್ಷುಕನ ಜೋಳಿಗೆಗೆ ಬೀಳುವ ತುಂಡು. ಮದುವೆಯಾದಾಗಲೂ ಅವಳು ಆ ಹೆಸರು ಬಿಡಲಿಲ್ಲ. ನಾನು ನುಂಗಿಕೊಂಡೆ. ಆಮೇಲೆ ನನ್ನ ಮಗ ರೋದ್ಯಾ ಪಟ್ಟಣದ ಕೆಲಸ ಬಿಟ್ಟು ಅವಳ ಹಳ್ಳಿ ಮಾಲಿ ಬೋರ್‌ಗೆ ಮನೆಯಳಿಯನಾಗಿ ಹೋದ. ಅವಳು ಅಲ್ಲಿ ದನದ ಡಾಕ್ಟರು, ಇವನು ಮರ ಕೊಯ್ಯುವ ಮಿಲ್ಲಿನಲ್ಲಿ. ಅದನ್ನೂ ನುಂಗಿಕೊಂಡೆ. ಆದರೆ ಮೊಮ್ಮಗ ಹುಟ್ಟಿದ ಮೂರನೇ ದಿನ ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಅವಳು, "ಅತ್ತೆ, ಇವನು ಉಕ್ರುಖೊವ್ ಆಗ್ತಾನೆ," ಅಂದಾಗ ನನ್ನ ಗಂಟಲು ಇನ್ನು ಆಗಲ್ಲ ಅಂದಿತು.

"ನಿಮ್ಮ ತಾತನ ಹೆಸರು ಭಿಕ್ಷೆ ತುಂಡು ಕಣಮ್ಮಾ," ಅಂದೆ. "ಅದನ್ನ ಹಾಲು ಕುಡಿಯೋ ಕೂಸಿನ ಕೊರಳಿಗೆ ಕಟ್ತೀಯಾ?"

"ಇಡೀ ರಷ್ಯಾದಲ್ಲಿ ಹುಡುಕಿಸಿದೀನಿ ಅತ್ತೆ. ಜನನ ಮರಣ ಆಫೀಸುಗಳಿಗೆ, ಯುದ್ಧದಲ್ಲಿ ಸತ್ತೋರ ಪಟ್ಟಿಗೆ, ಎಲ್ಲಾ ಕಡೆ ಬರೆದೆ. ಐದು ಜನ ಅಣ್ಣತಮ್ಮಂದಿರು ಯುದ್ಧಕ್ಕೆ ಹೋದ್ರು, ನಮ್ಮ ಮುತ್ತಜ್ಜ ಒಬ್ಬನೇ ವಾಪಸ್ ಬಂದ. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಹೆಸರಿಗೆ ಹೋದ್ರು. ಅಪ್ಪನೂ ಇಲ್ಲ. ಈಗ ತಾತ, ನಾನು. ಇಬ್ಬರೇ."

"ಅದಕ್ಕೆ ನನ್ನ ಮೊಮ್ಮಗ ಮೂರನೆಯವನಾಗ್ಬೇಕಾ?"

ಆಗ ಅವಳು ಒಂದು ಮಾತು ಅಂದಳು. ದನಿಯೇರಿಸದೆ, ಮಗುವಿನ ಟೋಪಿ ಸರಿಮಾಡುತ್ತಾ ಅಂದಳು. "ನಿಮ್ಮ ಹೆಸರಿಗೆ ಒಬ್ಬ ಕಮ್ಮಿಯಾದ್ರೆ ಯಾರಿಗೂ ಗೊತ್ತಾಗಲ್ಲ ಅತ್ತೆ. ನಮ್ಮದಕ್ಕೆ ಇವನೊಬ್ಬನೇ."

ನನಗೆ ಕಿವಿ ಬಿಸಿಯಾಯಿತು. ಯಾಕೆ ಎಂದು ಆಗ ಹೇಳಲಿಲ್ಲ. ರೋದ್ಯಾ ನನ್ನ ಒಬ್ಬನೇ ಮಗ ಎಂದು ನಾನು ಎಲ್ಲರಿಗೂ ಹೇಳುತ್ತೇನೆ, ಸಲೀಸಾಗಿ ಹೇಳುತ್ತೇನೆ. ಒಂದೇ ಮಗು ಎಂದು ಮಾತ್ರ ಎಂದೂ ಹೇಳಿಲ್ಲ, ನಾಲಿಗೆ ತಡೆಯುತ್ತದೆ.

ರೋದ್ಯಾನನ್ನು ಕೇಳಿದರೆ, "ಅಮ್ಮಾ, ನಂಗೆ ಎರಡೂ ಒಂದೇ, ನೀವಿಬ್ಬರೂ ಜಗಳ ಮುಗಿಸಿ ಹೇಳಿ," ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಅಪ್ಪನ ಹಾಗೆ.

ಹಾಗಾಗಿ ನಾನೇ ಒಂದು ಕೆಲಸ ಮಾಡಿದೆ. ಆಸ್ಪತ್ರೆಯಿಂದ ಹೊರಡುವ ದಿನ ನರ್ಸು ಮಗುವಿನ ಜನನ ಚೀಟಿಯನ್ನು ನನ್ನ ಕೈಗೆ ಕೊಟ್ಟಳು. ಅದನ್ನು ತೋರಿಸದಿದ್ದರೆ ಆಫೀಸಿನಲ್ಲಿ ಯಾವ ಹೆಸರನ್ನೂ ಬರೆಯುವುದಿಲ್ಲ. ನಾನು ಅದನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಕಳ್ಳತನ ಅನ್ನಿ, ನಾನು ಬೇಡ ಅನ್ನಲ್ಲ. ಒಂದು ತಿಂಗಳೊಳಗೆ ಬರೆಸಬೇಕು ಎಂದು ನಿಯಮ. ಅವರೇ ದಾರಿಗೆ ಬರುತ್ತಾರೆ ಎಂದು ಕಾದೆ. ಉಸ್ತಿನ್ಯಾ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ, "ಚೀಟಿ ಭದ್ರವಾಗಿದೆ, ಹೆಸರು ಸರಿಯಾಗಿ ಹೇಳು, ತಂದ್ಕೊಡ್ತೀನಿ," ಅಂದೆ. ಮೂರನೇ ಸಲ ಅವಳು ಮಾಡಲಿಲ್ಲ. ಕಲ್ಲಿನ ಮೇಲೆ ಮಳೆ ಸುರಿದ ಹಾಗೆ, ಇಬ್ಬರೂ ಕಲ್ಲೇ.

ಇಪ್ಪತ್ತಾರನೇ ದಿನ ಬೆಳಿಗ್ಗೆ ಎದ್ದು ನಾನೇ ಅರ್ಜಿ ತುಂಬಿದೆ. ಮಗುವಿನ ಮನೆತನ: ಕುಜ್ನೆತ್ಸೊವ್. ರೋದ್ಯಾನ ಸಹಿಯೊಂದು ಬಿದ್ದರೆ ಸಾಕು. ಅವನಿಂದ ಹೇಗೆ ಸಹಿ ಹಾಕಿಸುವುದು ನನಗೆ ಗೊತ್ತು, ಮೂವತ್ತೆಂಟು ವರ್ಷದಿಂದ ಹಾಕಿಸುತ್ತಿದ್ದೇನೆ. ಅರ್ಜಿ, ಚೀಟಿ, ಅಂಗಡಿಯ ಸಿಹಿ ಬನ್ನು ಒಂದು ಪೊಟ್ಟಣ, ಎಲ್ಲಾ ಚೀಲಕ್ಕೆ ತುಂಬಿ ರಬ್ಬರ್ ಬೂಟು ಹಾಕಿಕೊಂಡು ಹೊರಟೆ.

ಹೆದ್ದಾರಿಯಲ್ಲಿ ಬಸ್ಸಿಳಿದರೆ ಮಾಲಿ ಬೋರ್‌ಗೆ ಇನ್ನೂ ಮೂರು ಕಿಲೋಮೀಟರ್ ನಡೆಯಬೇಕು. ಏಪ್ರಿಲ್‌ನಲ್ಲಿ ಹಿಮ ಕರಗುವಾಗ ಆ ದಾರಿಯಲ್ಲಿ ನಡೆಯುವವರಿಗೆ ತಲೆ ಕೆಟ್ಟಿರಬೇಕು, ಇಲ್ಲ ಕಾರಣ ಇರಬೇಕು. ನನಗೆ ಎರಡೂ ಇತ್ತು. ಒಂದೊಂದು ಹೆಜ್ಜೆಗೂ ಕೆಸರು ಬೂಟನ್ನು ಹಿಡಿದೆಳೆಯುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಊರಲ್ಲಿ ಹನ್ನೊಂದು ಮನೆ, ಹೊಗೆ ಏಳುತ್ತಿದ್ದುದು ಐದರಲ್ಲಿ. ಉಕ್ರುಖೊವ್ ಮನೆ ಕೊನೆಯದು, ಮರದ ದಿಮ್ಮಿಗಳ ಹಳೆಯ ಮನೆ.

ಆ ಮನೆಯ ಕಿಟಕಿಯ ಕಥೆ ನಾನು ಮದುವೆಯ ದಿನವೇ ಕೇಳಿದ್ದೆ. ಉಸ್ತಿನ್ಯಾಳ ತಾತ ಎರ್ಮೊಲಾಯ್ ಲೂಕಿಚ್‌ಗೆ ಆಗಲೇ ಎಂಬತ್ತೈದು, ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ನನ್ನನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋಗಿ ಕಿಟಕಿಯ ಚೌಕಟ್ಟು ಮುಟ್ಟಿಸಿದ್ದ. ಹೊರಮೈಯಲ್ಲಿ ಸಾಲಾಗಿ ಚಾಕುವಿನ ಕಚ್ಚುಗಳು.

"ನೋಡಿ ಬೀಗ್ತೀರೇ, ಇನ್ನೂರು ವರ್ಷದ ಮಾತು. ಈ ಮನೇಲಿ ಹುಟ್ಟಿದ ಏಳು ಕೂಸು ಒಂದಾದ ಮೇಲೊಂದು ಹೋದ್ವು. ಎಂಟನೇದು ಹುಟ್ಟಿದಾಗ ತಾಯಿ ಅದನ್ನ ಬಾಗಿಲಿಂದ ಆಚೆ ತರ್ಲಿಲ್ಲ, ಬಾಗಿಲಲ್ಲಿ ಸಾವು ಕಾಯ್ತಿದೆ ಅಂತ. ಕಿಟಕಿಯಿಂದ ದಾರೀಲಿ ಹೋಗ್ತಿದ್ದ ಒಬ್ಬ ಭಿಕ್ಷುಕನ ಕೈಗೆ ಕೊಟ್ಟುಬಿಟ್ಟಳು. ಇದು ನಮ್ಮದಲ್ಲ ಅಂದುಬಿಟ್ಟಳು. ಆತ ಮನೆ ಸುತ್ತಿ ಬಂದು ಬಾಗಿಲು ತಟ್ಟಿದ. ಕೂಸು ಸಿಕ್ಕಿದೆ, ಯಾರಿಗಾದ್ರೂ ಬೇಕಾ ಅಂದ. ಏನು ಬೇಕಪ್ಪಾ ಅಂದ್ರೆ ಒಂದು ಉಕ್ರುಖ್ ಬ್ರೆಡ್ ಕೇಳಿದ. ಆ ಕೂಸು ತೊಂಬತ್ತು ವರ್ಷ ಬಾಳ್ತು. ಊರೆಲ್ಲಾ ಅವನನ್ನ ಉಕ್ರುಖ್ ಅಂತಾನೇ ಕರೀತು. ಅವನ ಮಕ್ಕಳು ಉಕ್ರುಖೊವ್."

"ಈಗಲೂ ಮಾಡ್ತೀರಾ ಇದನ್ನ?" ಅಂದೆ. ನನಗೆ ನಗು.

"ಪ್ರತಿ ಕೂಸಿಗೂ. ಕಚ್ಚು ಹಾಕಿ, ಕಿಟಕಿಯಿಂದ ಆಚೆ ಕೊಡ್ತೀವಿ. ಕೊಡೋವಾಗ ನಾವು ಮುಖ ತಿರುಗಿಸ್ಕೋಬೇಕು, ಯಾರು ತಗೊಂಡ್ರು ಅಂತ ನೋಡಂಗಿಲ್ಲ. ಮೊದಲೇ ಗೊತ್ತುಮಾಡಿ ನಿಲ್ಲಿಸೋ ಹಾಗಿಲ್ಲ, ಕಿಟಕಿ ಮುಂದೆ ಮೊದಲು ಹಾದವರೇ. ಅವರು ಏನು ಕೇಳಿದ್ರೂ ಕೊಡಲೇಬೇಕು."

"ಹಸು ಕೇಳಿದ್ರೆ?"

"ಹಸು ಕೊಡ್ತೀವಿ. ಮಾತು ತಪ್ಪಿದ್ರೆ ಕೂಸು ನಿಲ್ಲಲ್ಲ. ಆದ್ರೆ ಇದುವರೆಗೂ ಯಾರೂ ಬ್ರೆಡ್ ಬಿಟ್ಟು ಬೇರೆ ಕೇಳಿಲ್ಲ."

ಆಮೇಲೆ ಅವನ ಬೆರಳು ಒಂದು ಸಣ್ಣ ಕಚ್ಚಿನ ಮೇಲೆ ನಿಂತಿತು. "ಇದು ನಮ್ಮಕ್ಕ. ಎರಡು ದಿನ ಬದುಕಿದ್ಳು."

"ಎರಡು ದಿನಕ್ಕೂ ಕಚ್ಚಾ?"

"ಬಂದಿದ್ಳಲ್ಲ ಬೀಗ್ತೀರೇ. ಲೆಕ್ಕದಲ್ಲಿದಾಳೆ."

ಚಹಾ ತಣ್ಣಗಾಗುತ್ತೆ ಎಂದು ನೆಪ ಹೇಳಿ ನಾನು ಒಳಗೆ ಹೋಗಿಬಿಟ್ಟಿದ್ದೆ.

ಅದೆಲ್ಲಾ ನನಗೆ ನೆನಪಿರಲಿಲ್ಲ ಎಂದಲ್ಲ. ಆದರೆ ಕೆಸರಿನಲ್ಲಿ ಪಚಪಚ ನಡೆಯುತ್ತಾ, ಮನಸ್ಸಿನಲ್ಲೇ ಸೊಸೆಯ ಜೊತೆ ಜಗಳವಾಡುತ್ತಾ ಬರುವವಳಿಗೆ ಕಿಟಕಿ ತೆರೆದಿದೆ ಎನ್ನುವುದು ಕಾಣಲಿಲ್ಲ. ಮೂರು ದಿನದಿಂದ ಅವರು ಅಲ್ಲಿ ಕಾಯುತ್ತಾ ಕೂತಿದ್ದರಂತೆ. ಆ ಕೆಸರಲ್ಲಿ ಮೂರು ದಿನ ಒಂದು ನರಪಿಳ್ಳೆಯೂ ಹಾದಿರಲಿಲ್ಲ. ಎರ್ಮೊಲಾಯ್‌ನ ಕಣ್ಣು ಮಂಜಾದರೂ ಕಿವಿ ನಾಯಿಯದು. ಬೂಟಿನ ಸದ್ದು ಕೇಳಿದ್ದೇ ಅವನು ಕೂಗಿದ.

"ದಾರೀಲಿ ಹೋಗೋರೇ, ಕೈ ಚಾಚಿ! ನಮ್ಮನೇದಲ್ಲದ್ದು ಒಂದಿದೆ, ತಗೊಂಡು ಹೋಗಿ!"

ತಲೆಯೆತ್ತಿದೆ. ಕಿಟಕಿಯಿಂದ ಎರಡು ಕೈ ಹೊರಗೆ ಬಂದಿದ್ದವು, ಉಸ್ತಿನ್ಯಾಳ ಕೈ. ಮುಖ ಆ ಕಡೆ ತಿರುಗಿಸಿದ್ದಳು, ಕತ್ತಿನ ನರ ಹುರಿಗಟ್ಟಿತ್ತು. ಕೈಯಲ್ಲಿ ಕಂಬಳಿ ಸುತ್ತಿದ ನನ್ನ ಮೊಮ್ಮಗ. ಮಗುವನ್ನು ಚಾಚಿದರೆ ಯಾವ ಹೆಂಗಸು ಕೈ ಕಟ್ಟಿಕೊಂಡು ನಿಲ್ಲುತ್ತಾಳೆ? ಚೀಲ ಕೆಸರಿಗೆ ಎಸೆದು ಹಿಡಿದುಕೊಂಡೆ. ನನ್ನ ಕೈ ಬಿಗಿಯಾದದ್ದು ತಿಳಿದ ಮೇಲೆಯೇ ಅವಳು ತನ್ನ ಕೈ ಸಡಿಲಿಸಿದಳು. ಕಿಟಕಿ ಮುಚ್ಚಿತು.

ನಾನು ನಿಂತಲ್ಲೇ ನಿಂತೆ. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು ನೋಡಿ, ನಗು ಉಕ್ಕಿಬಂತು. ಯಾರನ್ನು ದೂರ ಇಡಬೇಕೋ ಅವಳ ಕೈಗೇ ಕೊಟ್ಟಿದ್ದರು! ಏನು ಕೇಳಿದರೂ ಕೊಡಲೇಬೇಕು. ಹಸು ಯಾರಿಗೆ ಬೇಕು? ಹೆಸರು ಕೇಳುತ್ತೇನೆ. 'ಈ ಮಗು ಕುಜ್ನೆತ್ಸೊವ್ ಆಗಲಿ' ಅಂದುಬಿಟ್ಟರೆ ಮುಗಿಯಿತು. ಅವರದೇ ಪದ್ಧತಿ, ಅವರದೇ ಮಾತು, ಉಸಿರೆತ್ತುವಂತಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಇದು ನನ್ನ ಕಾಲ.

ಚೀಲ ಎತ್ತಿಕೊಳ್ಳಲು ಬಗ್ಗಿ ಏಳುವಾಗ ಚೌಕಟ್ಟು ನನ್ನ ಕಣ್ಣಿನ ನೇರಕ್ಕೆ ಬಂತು. ಸಾಲಿನ ಕೊನೆಯಲ್ಲಿ ಹೊಸ ಕಚ್ಚು, ಮರ ಇನ್ನೂ ಬೆಳ್ಳಗಿತ್ತು. ಅದು ಲೂಕಾನದು. ಮೇಲಿನ ಸಾಲಿನಲ್ಲಿ ಆ ಸಣ್ಣ ಕಚ್ಚು. ಎಂಬತ್ತು ಚಿಲ್ಲರೆ ವರ್ಷದ ಬಿಸಿಲು ಹಿಮ ತಿಂದು ಕಪ್ಪಾಗಿದ್ದರೂ ಬೆರಳಿಟ್ಟರೆ ಸಿಗುತ್ತಿತ್ತು. ನಾನು ಬೆರಳಿಟ್ಟೆ.

ನನಗೂ ಒಬ್ಬಳಿದ್ದಳು. ರೋದ್ಯಾನಿಗಿಂತ ಎರಡು ವರ್ಷ ಮುಂಚೆ. ಮೂರು ದಿನ ಬದುಕಿದಳು. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಮೇಲೆ, ಅವಳ ಹೆಸರು ಎಲ್ಲಿಯಾದರೂ ಬರೆಸಬೇಕು ಎಂದು ನಾನು ಅತ್ತೆಯನ್ನು ಕೇಳಿದೆ. "ಮೂರು ದಿನದ್ದಕ್ಕೆ ಕಾಗದ ಯಾಕೆ ಫಾಯಿನಾ? ಕುಜ್ನೆತ್ಸೊವ್‌ಗಳಿಗೇನು ಬರವಾ, ಇನ್ನೊಂದಾಗುತ್ತೆ ಬಿಡು," ಅಂದರು. ಕೆಟ್ಟ ಹೆಂಗಸಲ್ಲ, ಸಮಾಧಾನಕ್ಕೆ ಅಂದರು. ಗಂಡ ಸುಮ್ಮನಿದ್ದ. ಅವನಜ್ಜನ ಗೋರಿಯ ಪಕ್ಕ ಹೂಳಿದೆವು, ಹೆಸರಿನ ಹಲಗೆಯಿಲ್ಲದೆ. ಈಗ ಅಲ್ಲಿ ಹುಲ್ಲು. ಒಬ್ಬಳು ಕಮ್ಮಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಉಸ್ತಿನ್ಯಾ ಆಸ್ಪತ್ರೆಯಲ್ಲಿ ಹೇಳಿದ್ದು ನಿಜವೇ ಆಗಿತ್ತು, ಅದಕ್ಕೇ ನನಗೆ ಅಷ್ಟು ಉರಿದದ್ದು.

ಲೂಕಾ ಕಂಬಳಿಯೊಳಗೆ ಸೀನಿದ. ಗಾಳಿ ಬೀಸುತ್ತಿತ್ತು. ನಾನು ಮನೆಯನ್ನು ಸುತ್ತಿ ಬಾಗಿಲಿಗೆ ಬಂದು ಬೂಟಿನ ತುದಿಯಿಂದ ಒದ್ದೆ.

"ಯಾರು?" ಒಳಗಿನಿಂದ ಎರ್ಮೊಲಾಯ್.

"ದಾರಿಹೋಕಳು."

ಒಳಗಿದ್ದವರಿಗೆ ನನ್ನ ದನಿ ಗುರುತು ಸಿಕ್ಕಿತ್ತು. "ಅಯ್ಯೋ ದೇವರೇ, ಅಮ್ಮಾ?" ಎಂದು ರೋದ್ಯಾ ಅಂದದ್ದು ಕೇಳಿಸಿತು. ಮುದುಕ ಅವನನ್ನು ಉಸ್ ಎಂದು ಸುಮ್ಮನಿರಿಸಿದ. ಅವನು ಪದ್ಧತಿ ಬಿಡಲಿಲ್ಲ.

"ಏನು ತಂದಿದೀರಿ?"

"ಕೂಸು."

"ನಮ್ಮನೇದಲ್ಲ."

ಇದನ್ನು ಮೂರು ಸಲ ಕೇಳಬೇಕು. ಎರಡನೇ ಸಲ ರೋದ್ಯಾ ಹೇಳಿದ, ನಮ್ಮದಲ್ಲ ಎಂದು. ಮೂರನೆಯದು ತಾಯಿಯ ಬಾಯಿಂದಲೇ ಬರಬೇಕು. ಅವಳು ತಡಮಾಡಿದಳು. ಚೀಟಿ ನನ್ನ ಚೀಲದಲ್ಲಿ, ಮಗು ನನ್ನ ತೋಳಿನಲ್ಲಿ, ಕೇಳುವ ಹಕ್ಕೂ ನನ್ನ ಬಾಯಲ್ಲಿ. ತಾನು ಎಲ್ಲಾ ಕಳೆದುಕೊಂಡೆ ಎಂದು ಅವಳಿಗೆ ಗೊತ್ತಿತ್ತು. ಬಾಗಿಲು ತೆಗೆದು ಕಿತ್ತುಕೊಳ್ಳಬಹುದಿತ್ತು. "ನಮ್ಮದಲ್ಲ," ಅಂದಳು. ದನಿ ನಡುವೆ ಮುರಿಯಿತು, ಆದರೆ ಅಂದಳು. ಆ ಕ್ಷಣ ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಅವಳನ್ನು ಬೈಯಬೇಕೆನಿಸಿತು.

ಬಾಗಿಲು ತೆರೆಯಿತು. ಮೂವರೂ ನಿಂತಿದ್ದರು. ಮೇಜಿನ ಮೇಲೆ ಮನೆಯಲ್ಲೇ ಸುಟ್ಟ ಕಪ್ಪು ಬ್ರೆಡ್, ಒಂದು ಪಕ್ಕ ಸೀದಿತ್ತು. ನನ್ನ ಕಾರ್ಖಾನೆಯಲ್ಲಾಗಿದ್ದರೆ ಹಂದಿಗೆ ಹಾಕಿಸುತ್ತಿದ್ದೆ.

"ಏನು ತಗೊಂಡು ಬಿಟ್ಕೊಡ್ತೀರಿ, ದಾರಿಹೋಕರೇ?" ಎರ್ಮೊಲಾಯ್ ಕೇಳಿದ.

ಉಸ್ತಿನ್ಯಾ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಕೆಳಗಿಳಿಸಲಿಲ್ಲ.

"ಒಂದು ಉಕ್ರುಖ್ ಬ್ರೆಡ್," ಅಂದೆ. "ಮತ್ತೆ ಇನ್ನೊಂದು ಕಚ್ಚು."

"ಕಚ್ಚಾ? ಯಾರಿಗೆ?"

"ನನ್ನ ಮಗಳಿಗೆ."

ರೋದ್ಯಾ ನನ್ನೆದುರು ಬಂದು ನಿಂತ. "ಯಾವ ಮಗಳು ಅಮ್ಮಾ?"

"ನಿನ್ನ ಅಕ್ಕ. ಮೂರು ದಿನದೋಳು. ನಿಂಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ."

ಉಸ್ತಿನ್ಯಾ ಬಂದು ಮಗುವನ್ನು ಎತ್ತಿಕೊಂಡಳು, ಇನ್ನೊಂದು ಕೈಯಲ್ಲಿ ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಆದರೆ ಮುದುಕ ತಲೆಯಲ್ಲಾಡಿಸಿದ.

"ಬೀಗ್ತೀರೇ, ನನ್ನ ಮನಸ್ಸು ಕಲ್ಲಲ್ಲ. ಆದ್ರೆ ಕಿಟಕಿ ದಾಟದೇ ಇರೋರಿಗೆ ಕಚ್ಚು ಹಾಕಂಗಿಲ್ಲ. ಇನ್ನೂರು ವರ್ಷದಲ್ಲಿ ಹಾಕಿಲ್ಲ."

"ಏನು ಕೇಳಿದ್ರೂ ಕೊಡ್ತೀವಿ ಅಂದಿದ್ರಿ."

"ಅಂದಿದ್ದೆ. ಅದಕ್ಕೇ ಈಗ ಏನ್ಮಾಡ್ಲಿ ಅಂತ ಗೊತ್ತಾಗ್ತಿಲ್ಲ."

"ತಾತ, ದಾಟಿಸೋಣ," ಅಂದಳು ಉಸ್ತಿನ್ಯಾ. ನನ್ನ ಕಡೆ ತಿರುಗಿದಳು. "ಅತ್ತೆ, ಅವಳದ್ದು ಏನಾದ್ರೂ ಇದೆಯಾ ನಿಮ್ಮ ಹತ್ರ?"

ಇತ್ತು. ನಲವತ್ತು ವರ್ಷದಿಂದ ಪರ್ಸು ಬದಲಾದಾಗಲೆಲ್ಲಾ ಅದೂ ಬದಲಾಗುತ್ತಿತ್ತು. ಆಗೆಲ್ಲಾ ಆಸ್ಪತ್ರೆಯಲ್ಲಿ ಕೂಸಿನ ಮಣಿಕಟ್ಟಿಗೆ ಮೇಣಬಟ್ಟೆಯ ಚೂರೊಂದನ್ನು ಬ್ಯಾಂಡೇಜಿನ ದಾರದಿಂದ ಕಟ್ಟುತ್ತಿದ್ದರು. ಶಾಯಿ ಮಾಸಿತ್ತು: ಕುಜ್ನೆತ್ಸೊವಾ. ಹೆಣ್ಣು. ಹುಟ್ಟಿದ ದಿನ, ತೂಕ. ಅಷ್ಟೇ. ನಾನು ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಬೆರಳೆರಡರ ಅಗಲವೂ ಇರಲಿಲ್ಲ.

ಎರ್ಮೊಲಾಯ್ ಅದನ್ನು ಮುಟ್ಟಿ ನೋಡಿ, ದಾರದ ಗಂಟನ್ನು ತಡವಿ, ಜೇಬಿನಿಂದ ಚಾಕು ತೆಗೆದ. ಕಿಟಕಿ ತೆರೆದು ಬಗ್ಗಿ ಹೊರಚೌಕಟ್ಟನ್ನು ತಡವಿದ.

"ಹೆಸರು ಹೇಳಿ, ಕಚ್ಚು ಹಾಕೋವಾಗ ಹೇಳ್ಬೇಕು."

"ತಾಯ್ಸಿಯಾ," ಅಂದೆ. ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕ ಲೂಕಾನ ಕಚ್ಚಿನ ಪಕ್ಕದಲ್ಲಿ ಚಾಕು ಊರಿದ.

ಉಸ್ತಿನ್ಯಾ ಮೇಣಬಟ್ಟೆಯ ಚೂರನ್ನು ಕಂಬಳಿಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ತಾಯಿಯೇ ಕೊಡ್ಬೇಕು ಅತ್ತೆ. ಮುಖ ತಿರುಗಿಸ್ಕೊಳ್ಳಿ."

ತಿರುಗಿಸಿಕೊಂಡೆ. ಹೊರಗೆ ಯಾರಿದ್ದಾರೆ ಎಂದು ನೋಡಲಿಲ್ಲ. ಗೊತ್ತುಮಾಡಿ ನಿಲ್ಲಿಸುವಂತಿಲ್ಲ ಎಂಬುದು ಅವರ ನಿಯಮ, ಯಾರೂ ಯಾರನ್ನೂ ನಿಲ್ಲಿಸಲಿಲ್ಲ. ಆದರೆ ಕೋಣೆಯಲ್ಲಿ ರೋದ್ಯಾ ಇರಲಿಲ್ಲ, ಹಿತ್ತಲ ಬಾಗಿಲು ತೆರೆದಿತ್ತು. ಕೆಸರಿನಲ್ಲಿ ಹೆಜ್ಜೆ ಸದ್ದಾಯಿತು. ನನ್ನ ಚಾಚಿದ ಕೈಯಿಂದ ಯಾರೋ ಅದನ್ನು ತುಂಬಾ ಮೆಲ್ಲಗೆ ತೆಗೆದುಕೊಂಡರು.

ನಾನೇ ಕಿಟಕಿ ಮುಚ್ಚಿದೆ. ಬಾಗಿಲು ತಟ್ಟಿದ ಸದ್ದಾಯಿತು.

"ಏನು ತಂದಿದೀರಿ?" ಎರ್ಮೊಲಾಯ್ ಕೇಳಿದ.

"ಕೂಸು," ಅಂದ ರೋದ್ಯಾ ಹೊರಗಿನಿಂದ. ಅಳುತ್ತಿದ್ದ, ಮೂವತ್ತೆಂಟು ವರ್ಷದ ಗಂಡಸು.

ನಮ್ಮದಲ್ಲ ಎಂದು ಮುದುಕ ಅಂದ, ಉಸ್ತಿನ್ಯಾ ಅಂದಳು. ಮೂರನೆಯದು ನನ್ನದು. ನಾನು ಹೇಳಲಾರೆ ಅಂದುಕೊಂಡೆ. ಇಷ್ಟು ವರ್ಷ ಬಾಯಿಮುಚ್ಚಿಕೊಂಡು ಅದನ್ನೇ ಹೇಳಿದ್ದೆನಲ್ಲ. ಆದರೆ ಬಾಗಿಲು ತೆರೆಯಬೇಕಾದರೆ ಒಂದು ಸಲ ಗಟ್ಟಿಯಾಗಿ ಹೇಳಲೇಬೇಕಿತ್ತು. ಹೇಳಿದೆ.

"ಏನು ತಗೊಂಡು ಬಿಟ್ಕೊಡ್ತೀಯಪ್ಪಾ?"

"ಒಂದು ಉಕ್ರುಖ್ ಬ್ರೆಡ್."

ಮುದುಕ ಗಲಿಬಿಲಿಯಾದ. "ತುದಿ ನಿಮ್ಮಮ್ಮಂದಾಯ್ತಲ್ಲಪ್ಪಾ, ಅದನ್ನ ಅವರು ಕೇಳಾಗಿದೆ."

"ಎರ್ಮೊಲಾಯ್ ಲೂಕಿಚ್," ಅಂದೆ, ಮೂಗು ಒರೆಸಿಕೊಳ್ಳುತ್ತಾ, "ಮೂವತ್ತೊಂದು ವರ್ಷ ಬ್ರೆಡ್ ಸುಟ್ಟವಳು ಹೇಳ್ತಿದೀನಿ. ಬ್ರೆಡ್ಡಿಗೆ ಎರಡು ತುದಿ ಇರುತ್ತೆ. ಕುಯ್ಯಿರಿ."

ಸೀದ ಕಡೆಯದು ನನಗೆ ಬಂತು. ನಾನೇ ಕೇಳಿ ತೆಗೆದುಕೊಂಡೆ. ಪೂರ್ತಿ ತಿಂದೆ, ಒಂದು ಪುಡಿಯೂ ಬಿಡಲಿಲ್ಲ. ಆಮೇಲೆ ಚೀಲದಿಂದ ಆ ಅರ್ಜಿಯನ್ನು ತೆಗೆದು ಒಲೆಗೆ ಹಾಕಿದೆ. ಜನನ ಚೀಟಿಯನ್ನು ಉಸ್ತಿನ್ಯಾಳ ಕೈಗಿಟ್ಟೆ. ಕೆಸರು ತಾಗಿ ಒಂದು ಮೂಲೆ ಒದ್ದೆಯಾಗಿತ್ತು.

"ಬನ್ನೂ ತಂದಿದ್ರಾ ಅತ್ತೆ?" ಅಂದಳು ಚೀಲದೊಳಗೆ ಇಣುಕಿ.

"ಲಂಚಕ್ಕೆ ತಂದಿದ್ದೆ. ಈಗ ಸುಮ್ನೆ ತಿನ್ನು."

ಮಾರನೇ ದಿನವೇ ನಾಲ್ವರೂ ಜನನ ಮರಣ ಆಫೀಸಿಗೆ ಹೋದೆವು, ಎರ್ಮೊಲಾಯ್‌ನನ್ನು ಮಾತ್ರ ಕೆಸರಿನಲ್ಲಿ ನಡೆಸಲಾಗಲಿಲ್ಲ. ನಾಲ್ಕನೆಯವನು ಲೂಕಾ, ನನ್ನ ತೋಳಿನಲ್ಲಿ ನಿದ್ದೆ ಹೋಗಿದ್ದ. ಮೇಜಿನಾಚೆಯ ಹೆಂಗಸು ಚೀಟಿ ನೋಡಿ, ಅರ್ಜಿ ನೋಡಿ, ಕನ್ನಡಕ ಮೇಲೆತ್ತಿದಳು.

"ಉಕ್ರುಖೊವ್? ಇಪ್ಪತ್ತು ವರ್ಷದಿಂದ ಇಲ್ಲಿದೀನಿ, ಈ ಹೆಸರು ಬರೆದೇ ಇಲ್ಲ. ಅಪ್ಪನದು ಕುಜ್ನೆತ್ಸೊವ್ ಅಂತಿದೆಯಲ್ಲ, ಅದನ್ನೇ ಇಡಬಾರದಾ? ಎಲ್ಲರಿಗೂ ಗೊತ್ತಿರೋ ಹೆಸರು."

ರೋದ್ಯಾ ನನ್ನ ಮುಖ ನೋಡಿದ.

"ನಾವು ಹೇಳಿದ್ದು ಬರೀರಿ," ಅಂದೆ, ಕಾರ್ಖಾನೆಯ ದನಿಯಲ್ಲಿ.

ಅವಳು ಬರೆದಳು. ಬರೆಯುತ್ತಾ ಕುತೂಹಲಕ್ಕೆ ಕೇಳಿದಳು. "ಒಟ್ಟು ಎಷ್ಟು ಜನ ಇದೀರಿ ಈ ಹೆಸರಿನವರು?"

ಉಸ್ತಿನ್ಯಾ ಬಾಯಿ ತೆರೆದಳು. ಮೂರು ಎನ್ನಬೇಕಿತ್ತು, ತಾತ, ತಾನು, ಲೂಕಾ. ಲೂಕಾನ ಕಚ್ಚಿನ ಪಕ್ಕದ ಕಚ್ಚು ನೆನಪಾದವಳ ಹಾಗೆ ಅವಳು ಒಮ್ಮೆ ನನ್ನ ಕಡೆ ನೋಡಿದಳು.

"ನಾಲ್ಕು," ಅಂದಳು.